ಸರಾಸರಿಯ ಪಕ್ಕದ ಅಂಕಿ

ತಿದ್ದಲು ಬಂದ ಪ್ರಬಂಧವೊಂದು ಮೇಜಿನ ಮೇಲಿದೆ. ರೋಗಿಗಳು ವಾರ್ಡಿನಲ್ಲಿ ಉಳಿದ ದಿನಗಳು: ಸರಾಸರಿ 6, ಮಾನಕ ವಿಚಲನೆ 8. ಗಂಟೆಯಾಕಾರದ ರೇಖೆಯನ್ನು ನಂಬಿದರೆ ಐವರಲ್ಲಿ ಒಬ್ಬರಾದರೂ ದಾಖಲಾಗುವ ಮೊದಲೇ ಮನೆಗೆ ಹೋಗಿರಬೇಕು! ಬರೆದವರಿಗೆ ಇದು ಕಂಡೇ ಇಲ್ಲ. ಬೇಗ ಮನೆಗೆ ಹೋದವರೇ ಹೆಚ್ಚು, ತಿಂಗಳುಗಟ್ಟಲೆ ಮಲಗಿದವರು ನಾಲ್ಕೈದು ಮಂದಿ. ಸರಾಸರಿಯನ್ನು ಎಳೆದವರು ಅವರೇ.

ವಿಚಲನೆಯನ್ನು ಅಳೆಯುವ ವಿದ್ಯೆಯ ಬಾಲ್ಯ ಬೇಗ ಹೇಳಿ ಮುಗಿಸುವಂಥದ್ದು. 1835ರಲ್ಲಿ ಬೆಲ್ಜಿಯಂನ ಕ್ವೆಟೆಲೆ 'ಸರಾಸರಿ ಮನುಷ್ಯ'ನನ್ನು ಕಲ್ಪಿಸಿದ. ಅವನಿಂದ ದೂರ ನಿಂತವರೆಲ್ಲ ಪ್ರಕೃತಿಯ ಕೈತಪ್ಪುಗಳಾದರು. ಆ ದೂರದ ಅಳತೆಗೆ ಮಾನಕ ವಿಚಲನೆ ಎಂಬ ಈಗಿನ ಹೆಸರಿಟ್ಟವರು ಕಾರ್ಲ್ ಪಿಯರ್ಸನ್, 1893ರಲ್ಲಿ. ವೈದ್ಯರಿಗೆ ಅರ್ಥವಾಗುವಂತೆ ಹೇಳಿಕೊಟ್ಟವರು ಬ್ರಾಡ್‌ಫರ್ಡ್ ಹಿಲ್, 1937ರ 'ಲ್ಯಾನ್ಸೆಟ್' ಲೇಖನಮಾಲೆಯಲ್ಲಿ.

ನಮ್ಮ ಪೀಳಿಗೆಯ ಕಣ್ಣು ತೆರೆಸಿದ್ದು ಡಗ್ಲಾಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲಾಂಡ್. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಬರೆದ ಪುಟ್ಟ ಟಿಪ್ಪಣಿಗಳು ದಪ್ಪ ಪುಸ್ತಕಗಳಿಗಿಂತ ಹೆಚ್ಚು ಕಲಿಸಿದವು. ಸೊನ್ನೆಗಿಂತ ಕೆಳಗಿಳಿಯಲಾರದ ಅಳತೆಯ ಸರಾಸರಿ ವಿಚಲನೆಯ ಎರಡು ಪಟ್ಟಿಗಿಂತ ಚಿಕ್ಕದಿದ್ದರೆ ಹಂಚಿಕೆ ಓರೆಯಾಗಿದೆ ಎಂದು ಶಂಕಿಸಿ, ಎಂದರು 1996ರಲ್ಲಿ. ಮೇಲಿನ ಪ್ರಬಂಧಕ್ಕೆ ಅಷ್ಟೇ ಸಾಕಿತ್ತು. ವಿಚಲನೆಯ ಜಾಗದಲ್ಲಿ ಮಾನಕ ದೋಷವನ್ನು ಕೂರಿಸುವ ಚಾಳಿಯನ್ನೂ ಅವರು ಬಿಡಿಸಿ ತೋರಿಸಿದರು. ನೂರು ಜನರ ರಕ್ತದೊತ್ತಡದ ವಿಚಲನೆ 12 ಇದ್ದರೆ ಮಾನಕ ದೋಷ 1.2. ಮೊದಲನೆಯದು ಜನರು ಒಬ್ಬರಿಗಿಂತ ಒಬ್ಬರು ಎಷ್ಟು ಬೇರೆ ಎಂಬುದನ್ನು ಹೇಳುತ್ತದೆ. ಎರಡನೆಯದು ನಮ್ಮ ಸರಾಸರಿ ಎಷ್ಟು ನಂಬಿಕಸ್ಥ ಎಂಬುದನ್ನು. ಚಿಕ್ಕ ಅಂಕಿ ಚೆಂದ ಕಾಣುತ್ತದೆ, ಹಾಗಾಗಿ ಅದನ್ನೇ ಬರೆಯುತ್ತಾರೆ.

ನಮ್ಮಲ್ಲಿ ವಿಚಲನೆಯನ್ನು ಬೀದಿಜಗಳದ ಮಟ್ಟಕ್ಕೆ ತಂದವರು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ. ಸರಾಸರಿ ಅಗತ್ಯಕ್ಕಿಂತ ಕಡಿಮೆ ಉಣ್ಣುವವರೆಲ್ಲ ಹಸಿದವರಲ್ಲ, ಅಗತ್ಯವೇ ಆಳಿನಿಂದ ಆಳಿಗೆ ಬೇರೆ. ಹಸಿವಿನ ಗೆರೆಯನ್ನು ಸರಾಸರಿಯಿಂದ ಎರಡು ವಿಚಲನೆ ಕೆಳಗೆ ಎಳೆಯಿರಿ ಎಂಬುದು ಅವರ ವಾದ. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಒಪ್ಪಲಿಲ್ಲ. ಸುಖಾತ್ಮೆಯವರ ಗೆರೆ ತೀರಾ ಕೆಳಗಿತ್ತು ಎಂದೇ ನನಗೂ ಅನ್ನಿಸುತ್ತದೆ. ಆದರೆ ಅವರ ಪ್ರಶ್ನೆಯನ್ನು ಗೆರೆಯ ಜೊತೆಗೇ ಎಸೆದದ್ದು ತಪ್ಪು.

ಈಗಲೂ ಮಕ್ಕಳ ಕುಂಠಿತ ಬೆಳವಣಿಗೆಯನ್ನು ಅಳೆಯುವುದು ಎರಡು ವಿಚಲನೆಯ ಗೆರೆಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಕ್ಕೆ ಭಾರತದಿಂದ ಅಳತೆ ಕೊಟ್ಟವು ದಕ್ಷಿಣ ದೆಹಲಿಯ ಮಕ್ಕಳು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಟ್ಟ ಕುಂಠಿತ ಮಕ್ಕಳ ಲೆಕ್ಕ, ಶೇಕಡಾ 35.5, ಎಲ್ಲರ ಬಾಯಲ್ಲಿದೆ. ಆದರೆ ಹಟ್ಟಿಯ ತಾಯಿ "ಯುಗಾದಿ ಕಳೆದು ಹುಟ್ಟಿದ್ದು" ಎನ್ನುತ್ತಾಳೆ, ಸಮೀಕ್ಷೆಯ ಕಾರ್ಯಕರ್ತೆ ಒಂದು ತಿಂಗಳನ್ನು ಊಹಿಸಿ ಬರೆಯುತ್ತಾಳೆ. 20 ತಿಂಗಳ ಮಗು 24 ಎಂದು ದಾಖಲಾದರೆ ಅದರ ಎತ್ತರದ ಅಂಕ ಸುಮಾರು ಒಂದು ವಿಚಲನೆಯಷ್ಟು ಕುಸಿಯುತ್ತದೆ. ತಿರುಗಾಮುರುಗಾ ಬರೆದರೆ ಏರುತ್ತದೆ. ಇಂಥ ತಪ್ಪುಗಳು ಸರಾಸರಿಯಲ್ಲಿ ಒಂದನ್ನೊಂದು ತಿಂದುಹಾಕುತ್ತವೆ. ವಿಚಲನೆ ಮಾತ್ರ ಉಬ್ಬುತ್ತದೆ, ಅದರೊಂದಿಗೆ ಗೆರೆಯ ಕೆಳಗಿನವರ ಲೆಕ್ಕವೂ. ಆ ಉಬ್ಬನ್ನು ಶೇಕಡಾವಾರಿನ ಪಕ್ಕದಲ್ಲೇ ಅಚ್ಚು ಹಾಕಿದ ಪತ್ರಿಕಾ ಪ್ರಕಟಣೆ ಇನ್ನೂ ನನ್ನ ಕೈಗೆ ಬಂದಿಲ್ಲ.