ಎತ್ತರದ ಭಯವುಳ್ಳವರು ಮತ್ತು ಪ್ರಥಮ ಬಂಜಿ ಜಿಗಿತ: ಗುತ್ತಲ ಭಾಗದ ಅರ್ಜಿದಾರರಿಗೆ ಮಾಹಿತಿ

ಹಾವೇರಿ ತಾಲ್ಲೂಕಿನ ಗುತ್ತಲ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾಹಸಾಸಕ್ತ ಯುವಜನರಿಗಾಗಿ, ಅದರಲ್ಲಿಯೂ ಎತ್ತರದ ಬಗ್ಗೆ ಅಳುಕು ಇರುವವರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಬಂಜಿ ಜಿಗಿತವೆಂದರೆ ಕಾಲಿಗೆ ಅಥವಾ ದೇಹದ ಪಟ್ಟಿಗೆ ಹಿಗ್ಗುವ ರಬ್ಬರ್ ಹಗ್ಗವನ್ನು ಬಿಗಿದು ಎತ್ತರದ ವೇದಿಕೆಯಿಂದ ಕೆಳಕ್ಕೆ ಜಿಗಿಯುವುದು. ಇದರ ಮೂಲವನ್ನು ವನುವಾಟು ದೇಶದ ಪೆಂಟೆಕೋಸ್ಟ್ ದ್ವೀಪದಲ್ಲಿ ಕಾಣಬಹುದು. ಅಲ್ಲಿನ ಗಂಡಸರು ಗೆಣಸಿನ ಸುಗ್ಗಿಯ ಕಾಲದಲ್ಲಿ ಕಾಲಿಗೆ ಬಳ್ಳಿ ಕಟ್ಟಿಕೊಂಡು ಮರದ ಗೋಪುರದಿಂದ ಜಿಗಿಯುವ ಪದ್ಧತಿಯಿದೆ. ಆಧುನಿಕ ರೂಪದ ಮೊದಲ ಜಿಗಿತ 1979ರ ಏಪ್ರಿಲ್ 1ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕ್ಲಿಫ್ಟನ್ ಸೇತುವೆಯಿಂದ ನಡೆಯಿತು. ನ್ಯೂಜಿಲೆಂಡಿನ ಕವಾರೌ ಸೇತುವೆಯಲ್ಲಿ 1988ರಲ್ಲಿ 43 ಮೀಟರ್ ಎತ್ತರದಿಂದ ಸಾರ್ವಜನಿಕರಿಗೆ ಶುಲ್ಕದ ಮೇಲೆ ಅವಕಾಶ ಆರಂಭವಾಯಿತು. ಭಾರತದಲ್ಲಿ ಋಷಿಕೇಶದ ಸಮೀಪದ ಮೋಹನ್‌ಚಟ್ಟಿಯ 83 ಮೀಟರ್ ಎತ್ತರದ ವೇದಿಕೆ ಹೆಸರುವಾಸಿಯಾಗಿದೆ.

ಎತ್ತರದಲ್ಲಿ ಕಾಲು ನಡುಗುವುದು ಹೇಡಿತನದ ಲಕ್ಷಣವಲ್ಲ. ಮನುಷ್ಯನು ನೆಟ್ಟಗೆ ನಿಲ್ಲಲು ಕಣ್ಣು, ಒಳಕಿವಿ ಹಾಗೂ ಪಾದ-ಸ್ನಾಯುಗಳಿಂದ ಬರುವ ಸೂಚನೆಗಳನ್ನು ಅವಲಂಬಿಸಿರುತ್ತಾನೆ. ಎತ್ತರದ ಅಂಚಿನಲ್ಲಿ ಕಣ್ಣಿಗೆ ಆಧಾರವಾಗುವ ವಸ್ತುಗಳೆಲ್ಲ ದೂರದಲ್ಲಿರುವುದರಿಂದ ದೇಹದ ಸಣ್ಣ ತೂಗಾಟವನ್ನು ಕಣ್ಣು ಗುರುತಿಸಲಾರದು. ತೂಗಾಟ ಹೆಚ್ಚುತ್ತದೆ, ಅದರೊಡನೆ ಭಯವೂ ಹೆಚ್ಚುತ್ತದೆ. ಗುತ್ತಲದಂತಹ ಬಯಲು ಸೀಮೆಯಲ್ಲಿ ಬೆಳೆದವರಿಗೆ ನೀರಿನ ಟ್ಯಾಂಕು, ತೆಂಗಿನ ಮರ ಅಥವಾ ಬಾವಿಯ ಕಟ್ಟೆಗಿಂತ ದೊಡ್ಡ ಎತ್ತರದ ಅಭ್ಯಾಸ ಇಲ್ಲದಿರುವುದೂ ಸಹಜವೇ. ಆದರೆ ಮಹಡಿಯ ಮೆಟ್ಟಿಲು ಹತ್ತಲೂ ಆಗದಷ್ಟು, ಕೆಲಸವನ್ನೇ ಬಿಡುವಷ್ಟು ಭಯವಿದ್ದಲ್ಲಿ ಅದು ಚಿಕಿತ್ಸೆಯಿಂದ ಗುಣವಾಗಬಹುದಾದ ತೊಂದರೆ. ಅಂಥವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದು ಅಥವಾ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡುವುದು ಸೂಕ್ತ.

ಭಯವನ್ನು ಒಂದೇ ಜಿಗಿತದಲ್ಲಿ ಕಳೆದುಕೊಳ್ಳುವ ಯೋಚನೆ ಅನೇಕರಲ್ಲಿದೆ. ವೈದ್ಯಶಾಸ್ತ್ರ ಒಪ್ಪುವ ಕ್ರಮವು ಇದಕ್ಕೆ ವಿರುದ್ಧವಾದುದು: ಸಣ್ಣ ಎತ್ತರದಲ್ಲಿ ನಿಂತು, ಭಯ ಇಳಿಯುವವರೆಗೆ ಅಲ್ಲಿಯೇ ಇದ್ದು, ಅನಂತರ ಮುಂದಿನ ಎತ್ತರಕ್ಕೆ ಹೋಗುವುದು. ಬಂಜಿಯಲ್ಲಿ ನಡುವೆ ನಿಲ್ಲಲು ಅವಕಾಶವಿಲ್ಲ. ಹಗ್ಗ ಬಿಗಿಯುವ ಮುನ್ನ 20 ಮೀಟರ್ ಬಿದ್ದರೂ ಅದಕ್ಕೆ ಹಿಡಿಯುವ ಕಾಲ ಸುಮಾರು 2 ಸೆಕೆಂಡು, ಆಗಿನ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಆದುದರಿಂದ ಹಗ್ಗದ ಸಹಾಯದಿಂದ ಬಂಡೆ ಇಳಿಯುವ ರ‍್ಯಾಪೆಲಿಂಗ್ ಅನ್ನು ಮೊದಲ ಹೆಜ್ಜೆಯಾಗಿ ಆರಿಸಿಕೊಳ್ಳುವುದು ಉತ್ತಮ. ಇದರಲ್ಲಿ ಇಳಿಯುವ ವೇಗ ಇಳಿಯುವವರ ಕೈಯಲ್ಲಿಯೇ ಇರುತ್ತದೆ. ಬೇಕೆಂದಲ್ಲಿ ನಿಂತು ಉಸಿರಾಡಿಕೊಳ್ಳಬಹುದು. ಮೇಲಿನಿಂದ ತರಬೇತುದಾರರು ಎರಡನೆಯ ಹಗ್ಗವನ್ನು ಹಿಡಿದಿರುತ್ತಾರೆ. ಬಹುತೇಕರಿಗೆ ಕಷ್ಟವೆನಿಸುವುದು ಇಳಿಯುವುದಲ್ಲ. ಅಂಚಿನಲ್ಲಿ ಬೆನ್ನು ತಿರುಗಿಸಿ, ಹಗ್ಗಕ್ಕೆ ಭಾರ ಬಿಟ್ಟು ಹಿಂದಕ್ಕೆ ವಾಲುವ ಆ ಮೊದಲ ಕ್ಷಣ.

ಗುತ್ತಲದವರಿಗೆ ಅನುಕೂಲವಾದ ಸ್ಥಳ ಬಾಗಲಕೋಟೆ ಜಿಲ್ಲೆಯ ಬಾದಾಮಿ. ಗದಗ ಮಾರ್ಗವಾಗಿ ರೈಲಿನ ಸೌಕರ್ಯವಿದೆ. ಇಲ್ಲಿನ ಕೆಂಪು ಮರಳುಗಲ್ಲಿನ ಬಂಡೆಗಳು ಶಿಲಾರೋಹಣಕ್ಕೆ ದೇಶದಲ್ಲಿಯೇ ಹೆಸರಾಗಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣ ಶಿಬಿರಗಳನ್ನು ನಡೆಸುತ್ತ ಬಂದಿರುವ ಸ್ಥಳಗಳಲ್ಲಿ ಇದೂ ಒಂದು. (ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ.ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.) ಶಿಬಿರದ ದಿನಾಂಕ, ವಯೋಮಿತಿ ಹಾಗೂ ಅರ್ಜಿ ನಮೂನೆಯ ವಿವರಗಳನ್ನು ಹಾವೇರಿಯಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಬಾದಾಮಿಯ ಗುಹೆಗಳು ಸಂರಕ್ಷಿತ ಸ್ಮಾರಕಗಳಾದುದರಿಂದ ಅವುಗಳ ಆವರಣದಲ್ಲಿ ಬಂಡೆ ಹತ್ತಕೂಡದು. ಹೆಜ್ಜೇನಿನ ಗೂಡುಗಳಿರುವ ಬಂಡೆಗಳ ಬಳಿ ಮೌನವಾಗಿರುವುದು ಕ್ಷೇಮ.

ಇದಾದ ಮೇಲೆಯೂ ಬಂಜಿ ಜಿಗಿಯಲು ಮನಸ್ಸಿರುವವರು ವೈದ್ಯಕೀಯ ಸಂಗತಿಗಳನ್ನು ಮುಚ್ಚಿಡಬಾರದು. ಅಧಿಕ ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ, ಬೆನ್ನುಹುರಿ ಅಥವಾ ಕುತ್ತಿಗೆಯ ನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ಹಾಗೂ ಗರ್ಭಿಣಿಯರು ಜಿಗಿಯಬಾರದು. ತಲೆಕೆಳಗಾಗಿ ಹಗ್ಗ ಬಿಗಿದಾಗ ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರಿ ಅಕ್ಷಿಪಟಲದಲ್ಲಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ; ದಪ್ಪ ಕನ್ನಡಕ ಧರಿಸುವವರು ನೇತ್ರತಜ್ಞರ ಅಭಿಪ್ರಾಯ ಪಡೆಯಬೇಕು. ದೇಹದ ತೂಕವನ್ನು ಕಡಿಮೆ ಅಥವಾ ಹೆಚ್ಚು ಹೇಳುವುದು ಬಹು ಅಪಾಯಕರ. ಹಗ್ಗವನ್ನು ಆರಿಸುವುದು ತೂಕದ ಆಧಾರದ ಮೇಲೆಯೇ. ಎದುರಿಗೇ ತೂಗದೆ ಬಾಯಿಮಾತಿನ ತೂಕ ಬರೆದುಕೊಳ್ಳುವ ಸ್ಥಳದಲ್ಲಿ, ಜಾತ್ರೆ ಮೈದಾನದ ಕ್ರೇನಿನಿಂದ ಜಿಗಿಸುವ ಕಡೆ, ಹಗ್ಗವು ಎಷ್ಟು ಜಿಗಿತ ಕಂಡಿದೆ ಎಂಬ ದಾಖಲೆ ತೋರಿಸದಿದ್ದಲ್ಲಿ ಮುಂಗಡ ಕೊಟ್ಟಿದ್ದರೂ ಹಿಂದಿರುಗುವುದೇ ವಿವೇಕ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 2018ರ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಬಂಜಿಗೆ ಪ್ರತ್ಯೇಕ ಅಧ್ಯಾಯವಿದೆ.

ವೇದಿಕೆಯ ತುದಿಯಲ್ಲಿ ನಿಂತ ಮೇಲೆಯೂ ಬೇಡವೆನ್ನುವ ಹಕ್ಕು ಜಿಗಿಯುವವರಿಗೆ ಇದೆ. ಸ್ನೇಹಿತರು ಕೂಗಿ ಹುರಿದುಂಬಿಸುವುದು, ಸಿಬ್ಬಂದಿ ಹಿಂದಿನಿಂದ ನೂಕುವುದು ಸಲ್ಲದು. ಜಿಗಿಯುವವರು ಕೆಳಗೆ ನೋಡುವ ಬದಲು ಎದುರಿನ ದಿಗಂತವನ್ನು ನೋಡಿದರೆ ಕಣ್ಣಿಗೆ ಆಧಾರ ದೊರೆಯುತ್ತದೆ. ಜಿಗಿತದ ನಂತರ ದೃಷ್ಟಿ ಮಂಜಾದರೆ, ಕುತ್ತಿಗೆ ನೋವು ಅಥವಾ ಕೈಕಾಲು ಜೋಮು ಕಂಡುಬಂದರೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ತುರ್ತು ಸಂದರ್ಭದಲ್ಲಿ 108 ಅಥವಾ 112ಕ್ಕೆ ಕರೆ ಮಾಡಬಹುದು.