ಆರು ಪೈಸೆಯ ಬಾಬ್ತು

ಮೂಡುಬಿದಿರೆಯಲ್ಲಿ ಧವಳಾ, ಜಯಧವಳಾ, ಮಹಾಧವಳಾ ಎಂಬ ತಾಳೆಯೋಲೆಯ ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಜತನದಿಂದ ಕಾಪಾಡಿಕೊಂಡು ಬಂದರು. ಯಾತ್ರಿಕರು ಅವುಗಳ ದರ್ಶನ ಪಡೆದು, ಕೈಮುಗಿದು ಹಿಂತಿರುಗುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲವೆಂದೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಧವಳಾ ಅಚ್ಚಾಗತೊಡಗಿದ್ದು 1939ರಲ್ಲಿ. ಆ ಓಲೆಗಳು ಉಳಿದದ್ದೇ ಆ ಭಕ್ತಿಯಿಂದ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಸಾರ್ವಜನಿಕ ಗ್ರಂಥಾಲಯವೆಂಬುದು ಇದಕ್ಕೆ ತೀರ ಬೇರೆಯಾದ ಕಲ್ಪನೆ. ಅಲ್ಲಿ ಪುಸ್ತಕ ಹತ್ತು ಕೈ ದಾಟಿ, ಅಂಚು ಸವೆದು, ರಟ್ಟು ಕಿತ್ತರೇ ಅದಕ್ಕೆ ಸಾರ್ಥಕ್ಯ.

ಈ ಕಲ್ಪನೆಯನ್ನು ನಮ್ಮ ದೇಶದಲ್ಲಿ ಒಂದು ಶಾಸ್ತ್ರವಾಗಿ ಬೆಳೆಸಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು (ನಮ್ಮ ವೃತ್ತಿಯವರೇ ಎಂಬುದು ನನಗೊಂದು ಹೆಮ್ಮೆ) 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಅವರ ಪ್ರಸಿದ್ಧವಾದ ಐದು ಸೂತ್ರಗಳು ಪುಸ್ತಕರೂಪದಲ್ಲಿ ಬಂದದ್ದು 1931ರಲ್ಲಿ. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೊತ್ತು ಹಳ್ಳಿಗಳಿಗೆ ಹೊರಟಿತು. ಓದುಗನು ಬರಲಾರದಿದ್ದರೆ ಪುಸ್ತಕವೇ ಹೋಗಲಿ ಎಂಬ ಆ ಯೋಚನೆ ಎಷ್ಟು ಸರಳ! ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಮದರಾಸು ಪ್ರಾಂತದಲ್ಲಿ 1948ರಲ್ಲಿಯೇ ಗ್ರಂಥಾಲಯ ಕಾಯಿದೆ ಬಂದಿತು. ಆಗ ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಿಗೂ ಅದರ ಲಾಭವಾಯಿತು. ಹೈದರಾಬಾದಿನಲ್ಲಿ 1955ರಲ್ಲಿ ಬಂದಿತು. ಹಳೆಯ ಮೈಸೂರಿನವರಾದ ನಮಗೆ ಅಂತಹ ಕಾಯಿದೆಯಿರಲಿಲ್ಲ. ವಯಸ್ಕರ ಶಿಕ್ಷಣ ಸಮಿತಿಯವರು ಹಳ್ಳಿಗಳಲ್ಲಿ ತೆರೆದ ಪುಟ್ಟ ಗ್ರಂಥಾಲಯಗಳು, ಅವರ ‘ಬೆಳಕು’ ಪತ್ರಿಕೆ, ಇಷ್ಟೇ. ಏಕೀಕರಣವಾಗಿ ಒಂಬತ್ತು ವರ್ಷಗಳ ಮೇಲೆ 1965ರ ಕಾಯಿದೆ ಸಿದ್ಧವಾಗಿ, 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದರ ಜೀವಾಳವೆಂದರೆ ಗ್ರಂಥಾಲಯ ಕರ. ಇಂದು ಮನೆ ಕಂದಾಯದ ಪ್ರತಿ ರೂಪಾಯಿಗೆ ಆರು ಪೈಸೆ ಆ ಬಾಬ್ತಿಗೆ ಸಲ್ಲಬೇಕು. ವಸೂಲಾದ ಈ ಹಣವನ್ನು ನಗರಾಡಳಿತ ಸಂಸ್ಥೆಗಳು ಇಲಾಖೆಗೆ ಕಾಲಕಾಲಕ್ಕೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಬೇರೊಂದು ದೊಡ್ಡ ಕತೆ. ಅದನ್ನು ಇಲ್ಲಿ ಬೆಳೆಸಲಾರೆ.

ನನ್ನನ್ನು ಬಹುಕಾಲ ಕಾಡಿದ್ದು ಇನ್ನೊಂದು ಪ್ರಶ್ನೆ. ಕರ ಕೊಟ್ಟವರು ಯಾರು, ಒಳಗೆ ಬಂದವರು ಯಾರು?

ನಾನು ಮೇಷ್ಟರಾಗಿ ಸೇರಿದ ಊರಿನ ವಾಚನಾಲಯದಲ್ಲಿ ಎರಡು ಬೆಂಚು, ಒಂದು ಮೇಜು, ಮೂರು ದಿನಪತ್ರಿಕೆಗಳಿದ್ದವು. ಬೆಳಗ್ಗೆ ಶಾನುಭೋಗರ ಮನೆಯವರು, ಅಂಗಡಿಯವರು, ನಮ್ಮಂಥ ಉಪಾಧ್ಯಾಯರು ಸೇರುತ್ತಿದ್ದೆವು. ಅಕ್ಷರ ಬಾರದ ಒಬ್ಬಿಬ್ಬರು ರೈತರು ಹೊರಗಿನ ಜಗುಲಿಯ ಮೇಲೆ ಕುಳಿತು, ಯಾರಾದರೂ ಗಟ್ಟಿಯಾಗಿ ಓದಿದರೆ ಕೇಳುತ್ತಿದ್ದರು. ಹೆಂಗಸರು ಆ ಬಾಗಿಲು ದಾಟಿದ್ದನ್ನು ನಾನು ಕಂಡದ್ದಿಲ್ಲ. ಹಾಗೆಂದು ಅವರು ಓದುತ್ತಿರಲಿಲ್ಲವೆಂದಲ್ಲ! ‘ತ್ರಿವೇಣಿಯವರದು, ಇಲ್ಲದಿದ್ದರೆ ಎಂ. ಕೆ. ಇಂದಿರಾ’ ಎಂದು ಚೀಟಿ ಬರೆದು ಮಗನ ಕೈಲಿ ಕಳುಹಿಸುತ್ತಿದ್ದರು. ಪುಸ್ತಕವನ್ನು ಮನೆಗೊಯ್ಯಲು ಠೇವಣಿ ಕಟ್ಟಬೇಕಿತ್ತು. ಅಲ್ಪ ಮೊತ್ತವೇ, ಆದರೂ ಕೂಲಿಯವರ ಮಕ್ಕಳಿಗೆ ಅದೊಂದು ಎತ್ತರದ ಹೊಸ್ತಿಲು. ಅವರ ಗುಡಿಸಲಿಗೂ ಕಂದಾಯವಿತ್ತೆಂಬುದು ಯಾರ ತಲೆಗೂ ಹೊಳೆಯಲಿಲ್ಲ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು, ಐದು ಸಾವಿರಕ್ಕೂ ಹೆಚ್ಚು, ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದಾಗ ನಮ್ಮಂಥ ಹಳಬರಿಗೆ ಅನುಮಾನವೇ ಇತ್ತು. ಚರಂಡಿ, ಬೀದಿದೀಪಗಳ ನಡುವೆ ಪುಸ್ತಕವನ್ನು ಯಾರು ಕೇಳುತ್ತಾರೆ? ಮರುವರ್ಷ ಕೊರೋನಾ ಬಂದು ಶಾಲೆಗಳು ಮುಚ್ಚಿದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ನಾಲ್ಕು ದಶಕ ಪಾಠ ಹೇಳಿದವನಾಗಿ ನಾನು ಇದನ್ನು ಸಣ್ಣ ಸುಧಾರಣೆಯೆಂದು ಎಣಿಸುವುದಿಲ್ಲ. ಮನೆಯಲ್ಲಿ ಮೊಬೈಲಿಲ್ಲದ ಮಗುವಿಗೆ ಆ ತಿಂಗಳುಗಳಲ್ಲಿ ಅಕ್ಷರದ ನಂಟು ಉಳಿಸಿದ್ದು ಅನೇಕ ಊರುಗಳಲ್ಲಿ ಆ ಒಂದು ಕೋಣೆ. ಅವೇ ಈಗ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ.

ಪಟ್ಟಣಗಳಲ್ಲಿ ಬೇರೆಯೇ ಒಂದು ಪರಿವರ್ತನೆ. ಬರುವ ತರುಣ ತರುಣಿಯರಲ್ಲಿ ಬಹುಮಂದಿಗೆ ಅಲಮಾರಿನ ಪುಸ್ತಕ ಬೇಡ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ತಾವೇ ಚೀಲದಲ್ಲಿ ತರುತ್ತಾರೆ. ಬೇಕಾದದ್ದು ಒಂದು ಕುರ್ಚಿ, ಫ್ಯಾನು, ನಿಶ್ಶಬ್ದ. ಗ್ರಂಥಾಲಯವು ಛತ್ರವಾಯಿತೆಂದು ನನ್ನ ಮಿತ್ರರು ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆರು ಜನ ಮಲಗುವ ಒಂದೇ ಕೋಣೆಯ ಮನೆಯಿಂದ ಬಂದವನಿಗೆ ಶಾಂತವಾದ ಮೂರು ಗಂಟೆಯೂ ಪುಸ್ತಕದಷ್ಟೇ ದುರ್ಲಭ. ಹೊಸ ಕಾದಂಬರಿ, ಕವನಗಳ ಖರೀದಿಗೆ ಇದೇ ನೆಪವಾಗಿ ಕತ್ತರಿ ಬೀಳಬಾರದೆಂಬುದಷ್ಟೇ ನನ್ನ ತಕರಾರು.

ಕಳೆದ ತಿಂಗಳು ನಮ್ಮ ಪಕ್ಕದ ಹಳ್ಳಿಯ ಅರಿವು ಕೇಂದ್ರಕ್ಕೆ ಹೋಗಿದ್ದೆ. ಪುಸ್ತಕ ಕೊಟ್ಟು ಪಡೆಯುವ ರಿಜಿಸ್ಟರನ್ನು ಮೇಲ್ವಿಚಾರಕಿ ತೋರಿಸಿದರು. ಒಂದು ಪುಟದಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು, ಹನ್ನೊಂದು ಹೆಣ್ಣುಮಕ್ಕಳವು. ಗೌರವಧನ ಈ ತಿಂಗಳದ್ದು ಬಂತೇನಮ್ಮಾ ಎಂದು ಕೇಳಿದೆ. “ಇನ್ನೂ ಇಲ್ಲ ಸಾರ್” ಎಂದು ನಕ್ಕು, ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಚಿತ್ರದ ಪುಸ್ತಕ ಹುಡುಕಲು ಎದ್ದರು.