ಗಿನಿಹಂದಿಯ ಸಾಕ್ಷ್ಯ

ಯುಕ್ತಿಯರಿತು ಬಳಸಿದರೆ ತೀಕ್ಷ್ಣವಾದ ವಿಷವೂ ಔಷಧವಾಗುವುದೆಂದೂ, ಅರಿಯದೆ ಬಳಸಿದರೆ ಔಷಧವೇ ವಿಷವಾಗುವುದೆಂದೂ ಚರಕಸಂಹಿತೆ ಹೇಳಿತು. ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯನು, ಪದಾರ್ಥವನ್ನು ವಿಷವಾಗಿಸುವುದು ಅದರ ಪ್ರಮಾಣವೇ ಎಂದು ಸಾರಿದನು. ಪ್ರಮಾಣವನ್ನರಿತವನು ಅಪಾಯವನ್ನೂ ಅರಿತಂತೆಯೇ ಎಂಬ ಭಾವನೆ ಇದರಿಂದ ಬಲವಾಗಿ ಬೇರೂರಿದುದಾದರೂ, ಅದು ಪೂರ್ಣಸತ್ಯವಲ್ಲವೆಂಬುದಕ್ಕೆ ಪೆನಿಸಿಲಿನ್ನಿನ ಚರಿತ್ರೆಯಲ್ಲಿ ಪ್ರಬಲವಾದ ಸಾಕ್ಷ್ಯವಿದೆ.

ಆ ಔಷಧದ ಗುಣವನ್ನು 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಮೊದಲು ಗುರುತಿಸಿದ ಅಲೆಕ್ಸಾಂಡರ್ ಫ್ಲೆಮಿಂಗರು, ಬೂಷ್ಟು ಬೆಳೆದ ದ್ರವವನ್ನು ಮೊಲಕ್ಕೂ ಇಲಿಗೂ ಚುಚ್ಚಿ, ಅದರಿಂದ ವಿಶೇಷ ಹಾನಿಯಿಲ್ಲವೆಂದು ಮರುವರ್ಷವೇ ಪ್ರಕಟಿಸಿದ್ದರು. ಡಂಕರ್ಕಿನಿಂದ ಸೈನ್ಯದ ತೆರವು ಆರಂಭವಾಗುವ ಮುನ್ನಾದಿನ, 1940ರ ಮೇ 25ರಂದು, ಆಕ್ಸ್‌ಫರ್ಡಿನಲ್ಲಿ ಹೊವರ್ಡ್ ಫ್ಲೋರಿಯವರ ತಂಡವು ಎಂಟು ಬಿಳಿಯಿಲಿಗಳಿಗೆ ಮಾರಕವಾದ ಸ್ಟ್ರೆಪ್ಟೊಕಾಕಸ್ ಏಕಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ನನ್ನು ಕೊಟ್ಟಿತು: ಎರಡಕ್ಕೆ ಒಮ್ಮೆಗೇ 10 ಮಿಲಿಗ್ರಾಂ, ಉಳಿದೆರಡಕ್ಕೆ 5 ಮಿಲಿಗ್ರಾಮಿನಂತೆ ಹಲವು ಬಾರಿ. ಇರುಳೆಲ್ಲ ಎಚ್ಚರವಿದ್ದು ಕಾದ ನಾರ್ಮನ್ ಹೀಟ್ಲಿಯವರು ನಸುಕಿನ ಮೂರೂವರೆಯ ವೇಳೆಗೆ ಕಂಡುದು, ಔಷಧವಿಲ್ಲದ ನಾಲ್ಕೂ ಸತ್ತಿರುವುದನ್ನು ಮತ್ತು ಔಷಧ ಪಡೆದ ನಾಲ್ಕೂ ಬದುಕಿರುವುದನ್ನು.

ಮೂರು ವರ್ಷಗಳ ತರುವಾಯ, 1943ರಲ್ಲಿ, ಅಮೆರಿಕದಲ್ಲಿ ಡೊರೊಥಿ ಹ್ಯಾಮ್ರೆ, ಜೆಫ್ರಿ ರೇಕ್ ಮೊದಲಾದ ಸಂಶೋಧಕರು ಇದೇ ಔಷಧವನ್ನು ಗಿನಿಹಂದಿಗಳಿಗೆ ಕೊಟ್ಟಾಗ ಫಲ ವಿಪರೀತವಾಯಿತು. ದೇಹದ ತೂಕಕ್ಕೆ ಹೋಲಿಸಿ ನೋಡಿದರೆ ಇಲಿಯು ಲಕ್ಷಿಸದೆ ಸಹಿಸುವ ಪ್ರಮಾಣವು ಗಿನಿಹಂದಿಯನ್ನು ಕೊಲ್ಲುತ್ತಿದ್ದಿತು. ಅದೂ ಕೂಡಲೇ ಅಲ್ಲ, ಕೆಲವು ದಿನಗಳ ಅನಂತರ. ಡಿಫ್ತೀರಿಯಾ ಪ್ರತಿವಿಷದ ಬಲವನ್ನಳೆಯುವ ಕಾಲದಿಂದಲೂ ಗಿನಿಹಂದಿಯು ಪ್ರಯೋಗಶಾಲೆಗಳ ನೆಚ್ಚಿನ ಪ್ರಾಣಿಯಾಗಿದ್ದುದನ್ನು ನೆನೆದರೆ, ಆಕ್ಸ್‌ಫರ್ಡಿನ ಪಂಜರಗಳಲ್ಲಿ ಆ ದಿನ ಇಲಿಗಳಿಗೆ ಬದಲಾಗಿ ಅವೇ ಇದ್ದಿದ್ದರೆ, ಅಸಂಖ್ಯಾತ ಜೀವಗಳನ್ನುಳಿಸಿದ ಈ ಔಷಧವು ವಿಷವೆಂಬ ಹೆಸರು ಹೊತ್ತು ಮೂಲೆ ಸೇರುತ್ತಿತ್ತೋ ಏನೋ ಎಂದು ಮೈ ನಡುಗುತ್ತದೆ.

ಈ ಮರಣದ ಕಾರಣ ಔಷಧದಲ್ಲಿ ಮಾತ್ರವಲ್ಲ, ಪ್ರಾಣಿಯ ಕರುಳಿನಲ್ಲೂ ಅಡಗಿತ್ತು. ಗಿನಿಹಂದಿಯ ಕರುಳಿನಲ್ಲಿ ಸಹಜವಾಗಿ ನೆಲೆಸಿರುವ ಹಿತಕರವಾದ ಏಕಾಣುಗಳಲ್ಲಿ ಬಹುಪಾಲು ಪೆನಿಸಿಲಿನ್ನಿಗೆ ಸುಲಭವಾಗಿ ತುತ್ತಾಗತಕ್ಕವು. ಅವು ನಾಶವಾದೊಡನೆ ತೆರವಾದ ನೆಲೆಯನ್ನು ಅನ್ಯ ಏಕಾಣುಗಳು ಆಕ್ರಮಿಸಿ, ವಿಷವನ್ನು ಸುರಿಸಿ, ಪ್ರಾಣವನ್ನು ತೆಗೆಯುತ್ತವೆ. 1963ರಲ್ಲಿ, ಹುಟ್ಟಿನಿಂದಲೂ ಏಕಾಣುರಹಿತವಾಗಿ ಬೆಳೆಸಿದ ಗಿನಿಹಂದಿಗಳು ಪೆನಿಸಿಲಿನ್ ಪಡೆದೂ ಬದುಕುವುವೆಂದು ಕಂಡುಬಂದಾಗ ಈ ವಿವರಣೆ ದೃಢವಾಯಿತು.

ಪ್ರಮಾಣಕ್ಕೆ ಅನುಗುಣವಾಗಿ ಏರುವ ಹಾನಿಯೂ ಪೆನಿಸಿಲಿನ್ನಿಗೆ ಇಲ್ಲದಿಲ್ಲ. ಪ್ರಾಣಿಗಳ ಮಿದುಳಿನ ಮೇಲೆ ಅದನ್ನು ನೇರವಾಗಿ ಲೇಪಿಸಿದರೆ ಸೆಳವು ಬರುವುದೆಂದು 1945ರ ಸುಮಾರಿಗೆ ತಿಳಿದು, ಅಪಸ್ಮಾರದ ಅಧ್ಯಯನಕ್ಕೆ ಅದೇ ಒಂದು ಸಾಧನವಾಯಿತು; ಮೂತ್ರಪಿಂಡ ಕೆಟ್ಟ ರೋಗಿಗಳಿಗೆ ಅತಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮನುಷ್ಯರಲ್ಲೂ ಅದೇ ಸೆಳವು ತಲೆದೋರುವುದುಂಟು. ಈ ಬಗೆಯ ಹಾನಿಯನ್ನು ಪ್ರಮಾಣ ತಗ್ಗಿಸಿ ತಪ್ಪಿಸಬಹುದು. ಕರುಳಿನ ಏಕಾಣುಗಳನ್ನು ಕದಡಿ ಬರುವ ಹಾನಿಗೆ ಆ ಉಪಾಯ ಸಾಲದು.

ಗಿನಿಹಂದಿಯ ಕಥೆ ಗಿನಿಹಂದಿಗೇ ಮುಗಿಯಲಿಲ್ಲ. 1935ರಲ್ಲಿ ಆರೋಗ್ಯವಂತ ಶಿಶುಗಳ ಮಲದಲ್ಲಿ ಮೊದಲಿಗೆ ಕಾಣಿಸಿಕೊಂಡು, ಬಹುಕಾಲ ಯಾರ ಲಕ್ಷ್ಯಕ್ಕೂ ಬಾರದಿದ್ದ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಏಕಾಣುವೇ, ಜೀವಿರೋಧಕ ಔಷಧಗಳನ್ನು ಸೇವಿಸಿದ ಮನುಷ್ಯರಲ್ಲಿ ತೋರುವ ಘೋರವಾದ ಕರುಳುರಿಗೆ ಕಾರಣವೆಂದು 1978ರಲ್ಲಿ ಸಿದ್ಧವಾಯಿತು. ಗಿನಿಹಂದಿಗಳಲ್ಲಿ ಕಂಡ ಬಗೆಯ ಅನಾಹುತವೇ ನಮ್ಮ ದೇಹದಲ್ಲಿಯೂ ನಡೆಯಬಲ್ಲುದೆಂದು ಆಗ ತಿಳಿಯಿತು.

ಔಷಧವು ನಿರಪಾಯವೆಂಬ ಮಾತು ಔಷಧವೊಂದನ್ನೇ ಕುರಿತದ್ದಲ್ಲ. ಅದನ್ನು ಪಡೆವ ದೇಹವನ್ನೂ, ಆ ದೇಹದಲ್ಲಿ ವಾಸಿಸುವ ಅಗೋಚರ ಜೀವಕೋಟಿಯನ್ನೂ ಕುರಿತದ್ದು. ಆದುದರಿಂದ ಸಣ್ಣ ನೆಗಡಿಗೂ ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಿಂದ ಜೀವಿರೋಧಕ ಗುಳಿಗೆಗಳನ್ನು ಕೊಂಡು ನುಂಗುವವರು, ಕಡಿಮೆ ಪ್ರಮಾಣವೆಂಬ ಸಮಾಧಾನವನ್ನು ನೆಚ್ಚಬಾರದು. ಪ್ರಯೋಗಶಾಲೆಗಳಲ್ಲಿ ಪ್ರಾಣ ತೆತ್ತ ಆ ಮೂಕಜೀವಿಗಳಿಂದ ಕಲಿತ ಪಾಠವನ್ನು ಅಲಕ್ಷಿಸುವುದು ಅವಿವೇಕ ಮಾತ್ರವಲ್ಲ, ಕೃತಘ್ನತೆಯೂ ಹೌದು.